ಸ್ಟೋರಿನ ದಾನೇಶ್ವರಿ ಮತ್ತು ನಾಲ್ಕು ಕೆಂಪು ಪೈಪುಗಳು

ಕೊಪ್ಪಳದಿಂದ ಹೊಸಪೇಟೆ ಕಡೆ ಹೋಗುವಾಗ, ಊರು ಮುಗಿದು ಹೊಗೆಕೊಳವೆಗಳು ಶುರುವಾಗುವಲ್ಲಿ, ನಾನು ಕೆಲಸ ಮಾಡುವ ಎರಕದ ಕಾರ್ಖಾನೆ ಇದೆ. ಉಕ್ಕು ಕರಗಿಸಿ ದೊಡ್ಡ ದೊಡ್ಡ ವಾಲ್ವು, ಗಾಲಿ, ಪಂಪಿನ ಮೈ ಇಂಥವನ್ನು ಎರಕ ಹೊಯ್ಯುವ ಜಾಗ. ನಾನು ಟೈಮ್ ಆಫೀಸಿನ ಗುಮಾಸ್ತ, ಹೆಸರು ಹಾಲೇಶ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ನೋಡುವುದೇ ನನ್ನ ಕೆಲಸ. ಕಾರ್ಖಾನೆಗೆ ಬೇಕಾದ ಸಾಮಾನು ಇಟ್ಟು ಕೊಡುವ ಸ್ಟೋರಿನ ದಾನೇಶ್ವರಿಯವರು ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಎಂಟೂವರೆ ದಾಟಿಸಿ ಬಂದವರಲ್ಲ. ಅವರ ಬಗ್ಗೆ ಬಹುಕಾಲ ನನಗೆ ಗೊತ್ತಿದ್ದದ್ದು ಹೆಚ್ಚುಕಡಿಮೆ ಇಷ್ಟೇ. ಉಳಿದದ್ದನ್ನು ಅವರೇ ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದರು, ಕೆಲವನ್ನು ಗ್ಯಾಸ್ ಕಟಿಂಗ್ ಕೆಲಸದ ಮಲ್ಲೇಶ ಹೇಳಿದ.

ಯಲಬುರ್ಗಾ ಕಡೆಯ ಬೇವೂರು ಅವರ ಊರು. ತಂದೆ ಶೇಂಗಾ, ಸಜ್ಜೆ ಕೊಂಡು ಮಾರುವ ಸಣ್ಣ ವ್ಯಾಪಾರಿ. ಮಗಳು ಕೊಪ್ಪಳದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿದಳು. ತರಗತಿಯಲ್ಲಿ ಐವತ್ತೆಂಟು ಹುಡುಗರು, ಈಕೆಯೊಬ್ಬಳೇ ಹುಡುಗಿ. ಕುಷ್ಟಗಿಯ ಒಂದು ಮನೆತನದ ಜೊತೆ ನಿಶ್ಚಯವಾಗಿದ್ದ ಮದುವೆ, ಕೆಲಸ ಬಿಡಬೇಕು ಎಂಬ ಮಾತಿಗೆ ಮುರಿದುಬಿತ್ತು. ಇನ್ನೊಂದು ಸಂಬಂಧ ಕೂಡಿಬರಲಿಲ್ಲ. ತಂದೆ ತೀರಿಕೊಂಡ ಮೇಲೆ ಅಣ್ಣಂದಿರ ಮನೆಗೆ ನಾಗರ ಪಂಚಮಿಗೊಮ್ಮೆ ಹೋಗಿ ಬರುವುದಷ್ಟೇ ಉಳಿಯಿತು. ಭಾಗ್ಯನಗರದಲ್ಲಿ ಮಹಡಿ ಮೇಲೆ ಒಂದು ಕೋಣೆ ಹಿಡಿದಿದ್ದರು. ಕೆಳಗಿನ ಮನೆಯ ಪಡಸಾಲೆಯಲ್ಲಿ ಹತ್ತಾರು ಹೆಂಗಸರು ಹಗಲೆಲ್ಲ ಕೂತು, ಮಾತಾಡುತ್ತ, ವ್ಯಾಪಾರಕ್ಕೆ ಬಂದ ಕೂದಲಿನ ಸಿಕ್ಕು ಬಿಡಿಸುತ್ತಿದ್ದರು. ಇವರು ಕೆಲಸದಿಂದ ಬರುವ ಹೊತ್ತಿಗೆ ಅವರೆಲ್ಲ ಎದ್ದು ಹೋಗಿರುತ್ತಿದ್ದರು. ಮೆಟ್ಟಿಲ ಮೇಲೆ ಒಂದೆರಡು ಕೂದಲೆಳೆ ಬಿದ್ದಿರುತ್ತಿದ್ದವು, ಅಷ್ಟೇ.

ಕಾರ್ಖಾನೆಯ ಶೆಡ್ಡುಗಳ ಕಡೆ ಕೆಲಸ ಮಾಡುವ ಹೆಂಗಸು ಅವರೊಬ್ಬರೇ. ಕ್ಯಾಂಟೀನಿನಲ್ಲಿ ಅವರು ಕೂತರೆ ಗಂಡಸರು ಮಾತು ನಿಲ್ಲಿಸುತ್ತಿದ್ದರು. ಹಾಗಾಗಿ ಸ್ಟೋರಿನ ಮೇಜಿನ ಮೇಲೆಯೇ ಬುತ್ತಿ ಬಿಚ್ಚುತ್ತಿದ್ದರು. ಹನ್ನೊಂದಕ್ಕೆ ಚಹಾ ಬಂದಾಗ ನಾನು ಲೋಟ ಹಿಡಿದು ಅವರ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಹತ್ತು ನಿಮಿಷ ಅದೂ ಇದೂ ಮಾತು. ದಿನದಲ್ಲಿ ಕೆಲಸದ್ದಲ್ಲದ ಮಾತನ್ನು ಅವರು ಆಡುತ್ತಿದ್ದುದು ಆ ಹತ್ತು ನಿಮಿಷ ಮಾತ್ರ ಎಂದು ಆಗ ನನಗೆ ಹೊಳೆದಿರಲಿಲ್ಲ.

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮರುವಾರ, ಗ್ಯಾಸ್ ಕಟಿಂಗ್ ಅಂಗಳದಲ್ಲಿ ಬೆಂಕಿ ಹತ್ತಿತು. ಎರಕದ ತುಂಡುಗಳಿಗೆ ಅಂಟಿಕೊಂಡು ಬರುವ ಬೇಡದ ಉಕ್ಕನ್ನು ಗ್ಯಾಸ್ ಉರಿಯಿಂದ ಕತ್ತರಿಸಿ ತೆಗೆಯುವ ಜಾಗ ಅದು. ಕತ್ತರಿಸುವವನ ಕೈಯಲ್ಲಿ ಕಟರು, ಕಟರಿಗೆ ಎರಡು ರಬ್ಬರ್ ಪೈಪು. ನೀಲಿಯದರಲ್ಲಿ ಆಮ್ಲಜನಕ, ಕೆಂಪಿನದರಲ್ಲಿ ಉರಿಯುವ ಗ್ಯಾಸು. ಅವತ್ತು ಕೆಂಪು ಪೈಪು ನಡುವೆ ಸೀಳಿ, ಹೊರಬಂದ ಗ್ಯಾಸಿಗೆ ಕಿಡಿ ತಗಲಿತು. ಕಟರು ಹಿಡಿದಿದ್ದವನು ಕಿನ್ನಾಳದ ಮಲ್ಲೇಶ. ಮೈಗೆ ಉರಿ ಹತ್ತಿದ್ದರೂ ಓಡಿಹೋಗಿ ಸಿಲಿಂಡರಿನ ಕೀಲಿ ತಿರುಗಿಸಿ ಬಂದ್ ಮಾಡಿ ಆಮೇಲೆ ಬಿದ್ದ. ಹಾಗೆ ಮಾಡದಿದ್ದರೆ ಆ ಅಂಗಳದಲ್ಲಿದ್ದ ಒಂಬತ್ತು ಜನರಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ. ಅವನ ಎಡಗೈ ಬೆರಳಿನಿಂದ ಕುತ್ತಿಗೆಯವರೆಗೆ ಸುಟ್ಟಿತ್ತು.

ಮೂರನೇ ದಿನ ಸೇಫ್ಟಿ ಆಫೀಸರ್ ವಿರುಪಣ್ಣನವರು ಒಂದು ಹಾಳೆ ಹಿಡಿದು ಸ್ಟೋರಿಗೆ ಬಂದರು. ನಾನು ಚಹಾದ ಲೋಟ ಹಿಡಿದು ಅಲ್ಲೇ ನಿಂತಿದ್ದೆ.

"ಇಲ್ಲೊಂದು ಸಹಿ ಹಾಕ್ರಿ ಮೇಡಂ. ಸ್ಟೋರಿನಿಂದ ಪೈಪು ಛಲೋ ಸ್ಥಿತಿಯೊಳಗ ಕೊಟ್ಟೀವಿ ಅಂತ."

ದಾನೇಶ್ವರಿ ಹಾಳೆಯನ್ನು ಪೂರ್ತಿ ಓದಿದರು. ಕಾರಣ ಎಂಬಲ್ಲಿ, 'ಬಿಸಿ ಉಕ್ಕಿನ ಮೇಲೆ ಪೈಪನ್ನು ಎಳೆದದ್ದು; ಕಾರ್ಮಿಕನ ಅಜಾಗರೂಕತೆ' ಎಂದಿತ್ತು.

"ನೋಡಿ ಹಾಕ್ತೀನ್ರಿ ಸರ್."

"ಏನು ನೋಡ್ತೀರಿ? ಪೈಪು ಸುಟ್ಟೈತಿ, ಕಣ್ಣಿಗೆ ಕಾಣ್ತೈತಿ."

"ಇದು ನಾಲ್ಕನೇದ್ರಿ. ಏಳು ತಿಂಗಳದಾಗ ನಾಲ್ಕು ಕೆಂಪು ಪೈಪು ಹರದಾವು. ನಾಲ್ಕೂ ಮಂದಿ ಬಿಸಿ ಮ್ಯಾಲ ಎಳದ್ರೇನು?"

ವಿರುಪಣ್ಣ ಕೆಟ್ಟ ಮನುಷ್ಯರೇನಲ್ಲ. ಅವರ ಮೇಲೂ ಒತ್ತಡವಿತ್ತು. "ಎರಡು ದಿನ ತಗೋರಿ" ಎಂದು ಹಾಳೆಯನ್ನು ಅಲ್ಲೇ ಬಿಟ್ಟು ಹೋದರು. ಅಜಾಗರೂಕತೆ ಎಂಬ ಒಂದು ಪದ ಉಳಿದರೆ ಮಲ್ಲೇಶನನ್ನು ಮತ್ತೆ ಕೆಲಸಕ್ಕೆ ಕರೆಯಬೇಕಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಹಳೆಯ ಸಾಮಾನು ತಂದುಕೊಟ್ಟರೇ ಹೊಸದು ಕೊಡುವುದು ದಾನೇಶ್ವರಿ ಸ್ಟೋರಿನಲ್ಲಿ ನಡೆಸಿಕೊಂಡು ಬಂದ ರೂಢಿ. ಹಾಗಾಗಿ ಹರಿದ ನಾಲ್ಕೂ ಪೈಪು ಗುಜರಿಗೆ ಹಾಕುವ ಗೋಣಿಚೀಲದಲ್ಲಿ ಇದ್ದವು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವನ್ನು ಮೇಜಿನ ಮೇಲೆ ಹರಡಿದರು. ಕೆಲಸಗಾರರು ನೀಲಿ, ಕೆಂಪು ಎರಡನ್ನೂ ಮಾರಿಗೊಂದು ಕಡೆ ಟೇಪು ಸುತ್ತಿ ಜೋಡಿಸಿಕೊಂಡಿರುತ್ತಾರೆ. ಎರಡೂ ಒಟ್ಟಿಗೇ ಎಳೆಯಲ್ಪಡುತ್ತವೆ, ಒಂದೇ ನೆಲ, ಒಂದೇ ಬಿಸಿ, ಒಂದೇ ಬಿಸಿಲು. ನೀಲಿ ಪೈಪಿಗೆ ನಾಲ್ಕು ಸಲವೂ ಏನೂ ಆಗಿರಲಿಲ್ಲ. ಹರಿದದ್ದು ಕೆಂಪು ಮಾತ್ರ.

ಹ್ಯಾಕ್ಸಾ ಬ್ಲೇಡು ತಗೊಂಡು ಕೆಂಪು ಪೈಪನ್ನು ಉದ್ದಕ್ಕೆ ಸೀಳಿದರು. ಹೊರಮೈ ತೂತಿನ ಸುತ್ತ ಕರಕಲಾಗಿದ್ದು ಬಿಟ್ಟರೆ ಉಳಿದೆಡೆ ಮೆತ್ತಗೇ ಇತ್ತು. ಒಳಮೈ ಮುಟ್ಟಿದರೆ ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿ. ಸ್ವಲ್ಪ ಬಾಗಿಸಿದರೆ ಅಡ್ಡಡ್ಡವಾಗಿ ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತಿದ್ದವು. ಬೆಂಕಿ ತಗಲದ ತುದಿಯಲ್ಲೂ ಹಾಗೆಯೇ, ಉಳಿದ ಮೂರು ಪೈಪಿನಲ್ಲೂ ಹಾಗೆಯೇ. ಬಿರುಕು ಒಳಗಿನಿಂದ ಹೊರಕ್ಕೆ ಬಂದಿತ್ತು. ಬಿಸಿ ಉಕ್ಕು ತಾಗುವುದು ಹೊರಗೆ.

ಹಾಳೆಗೆ ಸಹಿ ಹಾಕಲಿಲ್ಲ.

ಮರುದಿನ ಅವರು ಕಟಿಂಗ್ ಅಂಗಳಕ್ಕೆ ಹೋಗಿ ಹಿರಿಯ ಕೆಲಸಗಾರ ಹೊಳಿಯಪ್ಪನನ್ನು ಮಾತಾಡಿಸಿದರು.

"ಪೈಪು ಹೆಂಗ ಸುತ್ತಿ ಇಡ್ತೀರಿ ಹೊಳಿಯಪ್ಪ?"

"ಎಲ್ಲಾರೂ ಸುತ್ತಿದಂಗ ಸುತ್ತತೀವ್ರಿ."

"ಸಂಜಿಮುಂದ ಹೋಗುವಾಗ ಗ್ಯಾಸು ಪೈಪಿನ್ಯಾಗ ಹಂಗ ಉಳೀತೈತೇನು?"

ಹೊಳಿಯಪ್ಪ ಕೈಯಲ್ಲಿದ್ದ ಕಟರನ್ನು ಕೆಳಗಿಟ್ಟ. "ಮಲ್ಲೇಶನ ತಪ್ಪು ಹುಡುಕಾಕ ನಿಮ್ಮನ್ನ ಕಳಿಸ್ಯಾರೇನ್ರಿ?"

"ಅಲ್ಲಪ್ಪಾ. ತಪ್ಪು ಅವಂದಲ್ಲ ಅನಸ್ತೈತಿ ನನಗ."

"ಹಂಗಾದ್ರ ತಪ್ಪು ನಮ್ಮೆಲ್ಲಾರದೇನು?" ಎಂದು ಅವನು ಬೆನ್ನು ತಿರುಗಿಸಿದ. ಅಂದಿನಿಂದ ಅವರು ಅಂಗಳಕ್ಕೆ ಕಾಲಿಟ್ಟರೆ ಕಟರುಗಳ ಸದ್ದು ಬಿಟ್ಟು ಬೇರೆ ಸದ್ದಿರುತ್ತಿರಲಿಲ್ಲ. ಆಫೀಸಿನಲ್ಲಿ ಉಲ್ಟಾ ಮಾತು ಹಬ್ಬಿತ್ತು. ಸ್ಟೋರಿನ ಮೇಡಂ ಕೆಲಸಗಾರರನ್ನು ಎತ್ತಿಕಟ್ಟುತ್ತಿದ್ದಾರೆ ಅಂತ. ಆ ವಾರವೇ ವಿರುಪಣ್ಣ ನನ್ನ ಮೇಜಿನ ಹತ್ತಿರ ಬಂದು, "ಹಾಲೇಶ, ಆ ಮೇಡಂ ಜೋಡಿ ಭಾಳ ಮಾತಾಡ್ತೀಯಂತ?" ಎಂದರು. ನಗುತ್ತಲೇ ಅಂದರು. ಮರುದಿನ ಹನ್ನೊಂದಕ್ಕೆ ನಾನು ನನ್ನ ಮೇಜಿನಲ್ಲೇ ಕೂತು ಚಹಾ ಕುಡಿದೆ. ಅದರ ಮರುದಿನವೂ. ಮೂರನೇ ದಿನ ನೋಡಿದರೆ ಸ್ಟೋರಿನ ಕಿಟಕಿ ಬಾಗಿಲು ಮುಚ್ಚಿತ್ತು.

ಗುರುವಾರ ನಮಗೆ ವಾರದ ರಜೆ. ಆ ಗುರುವಾರ ದಾನೇಶ್ವರಿ ಕಿನ್ನಾಳದ ಬಸ್ಸು ಹತ್ತಿದರು. ಮಲ್ಲೇಶನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಗೊಂಬೆ ಮಾಡುವವರ ಓಣಿ ದಾಟಿ ಅವನ ಮನೆ ಹುಡುಕಿಕೊಂಡು ಹೋದರೆ ಬಾಗಿಲಲ್ಲಿ ಹೆಂಡತಿ ಕನಕಮ್ಮ ನಿಂತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ.

"ಕಂಪನಿಯಾಂವ ಒಬ್ಬ ಬಂದು ಸಹಿ ಕೇಳಿ ಹೋಗ್ಯಾನ. ಈಗ ನೀವೇನು ಬರಿಸ್ಕೊಳ್ಳಾಕ ಬಂದೀರಿ?"

"ಏನೂ ಇಲ್ಲವ್ವಾ. ಒಂದು ಮಾತು ಕೇಳೂದಿತ್ತು."

ಒಳಗಿನಿಂದ ಮಲ್ಲೇಶ ಕರೆದ. ಎಡಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದ. ಮೂವತ್ತೆರಡರ ಆಳು, ಕುತ್ತಿಗೆ ತಿರುಗಿಸಲಾಗದೆ ಇಡೀ ಮೈ ತಿರುಗಿಸಿ ನೋಡಿದ.

"ಬಿಸಿ ಮ್ಯಾಲ ಎಳದಿಲ್ರಿ ಅಕ್ಕಾರ. ದೇವರಾಣಿ. ನಾ ನಿಂತ ಜಾಗದಿಂದ ಎರಡು ಮಾರು ಹಿಂದ ಹರೀತದು. ಅಲ್ಲಿ ಮಣ್ಣು ಐತಿ, ಬಿಸಿ ಎಲ್ಲಿಂದ ಬರ್ತೈತಿ?"

"ಗೊತ್ತೈತಿ ಮಲ್ಲೇಶ. ಪೈಪಿನ್ಯಾಗ ಮೊದಲ ಏನರೆ ಬ್ಯಾರೆ ಕಂಡಿತ್ತೇನು? ವಾಸನಿ, ಸೋರೂದು, ಏನರೆ?"

ಅವನು ಯೋಚಿಸಿದ. "ಕಟರ್ ಬಿಚ್ಚಿದ್ರ ಹಳದಿ ಎಣ್ಣಿ ಬರ್ತಿತ್ರಿ. ಎರಡು ವರ್ಷ ಆತು. ಗ್ಯಾಸಿನ್ಯಾಗ ಕಲಬೆರಕಿ ಮಾಡ್ಯಾರ ಅಂತ ಮಾತಾಡ್ಕೊಂತ ಒರಿಸಿ ಬಿಡ್ತಿದ್ವಿ."

ಕನಕಮ್ಮ ಒಂದು ಲೋಟ ನೀರು ತಂದು ಸದ್ದು ಮಾಡಿ ಇಟ್ಟಳು. ಅದನ್ನು ಕುಡಿದು ದಾನೇಶ್ವರಿ ಎದ್ದು ಬಂದರು. ಬಸ್ಸಿಗೆ ಒಂದೂವರೆ ತಾಸು ಕಾದರಂತೆ.

ಆ ಹಳದಿ ಎಣ್ಣೆ ಎಲ್ಲಿಯದು ಎಂದು ಕೇಳಲು ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ರಬ್ಬರನ್ನು ಬಲ್ಲವರು ಯಾರು ಎಂದು ಯೋಚಿಸುತ್ತ ಅವರಿಗೆ ಗಂಗಾವತಿಯ ಮೆಹಬೂಬಸಾಬರ ನೆನಪಾಯಿತು. ನಮ್ಮ ಲಾರಿಗಳ ಸವೆದ ಟೈರಿಗೆ ಹೊಸ ರಬ್ಬರ್ ಹಾಕಿಕೊಡುತ್ತಿದ್ದ ಮುದುಕರು. ನಲವತ್ತು ವರ್ಷದಿಂದ ಅದೇ ಕೆಲಸ. ಮುಂದಿನ ಗುರುವಾರ ಪೈಪಿನ ತುಂಡುಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಗಂಗಾವತಿಗೆ ಹೋದರು. ಬತ್ತದ ಕೊಯ್ಲು ನಡೆದಿತ್ತು, ರಸ್ತೆಯ ಒಂದು ಮಗ್ಗುಲಿಗೆ ಉದ್ದಕ್ಕೂ ಕಾಳು ಹರವಿದ್ದರು.

ಸಾಬರು ತುಂಡನ್ನು ಬಾಗಿಸಿದರು, ಉಗುರು ಒತ್ತಿದರು, ಮೂಗಿಗೆ ಹಿಡಿದರು. ಕಿಟಕಿಯ ಬೆಳಕಿಗೆ ತಂದು ಒಳಮೈ ನೋಡಿದರು.

"ಹೊರಗ ಹರೇದ ಮದಲಿಂಗ ಇದ್ದಂಗ ಐತಿ ಬೇಟಾ. ಒಳಗ ಮುದುಕ ಆಗೈತಿ."

"ಯಾಕ ಹಂಗಾಗ್ತೈತ್ರಿ ಚಾಚಾ?"

"ರಬ್ಬರ್ ಅಂದ್ರ ಬರೇ ರಬ್ಬರ್ ಅಲ್ಲವಾ. ಅದು ಮೆತ್ತಗ ಇರಲಿ ಅಂತ ಕಲಸುವಾಗ ಎಣ್ಣಿ ಹಾಕಿರ್ತಾರ. ಇದರಾಗಿನ ಎಣ್ಣಿನ್ನ ಯಾವುದೋ ಒಂದು ಕುಡದೈತಿ. ಎಣ್ಣಿ ಹೋದ್ರ ಒಣಗತೈತಿ, ಸಣ್ಣ ಆಗತೈತಿ, ಆಮ್ಯಾಲ ಸೀಳತೈತಿ. ಯಾವ ಗ್ಯಾಸ್ ಬಿಡ್ತೀರಿ ಇದರಾಗ?"

"ಮೊದಲ ಅಸಿಟಿಲೀನ್ ಇತ್ತು. ಈಗ ಎಲ್‌ಪಿಜಿ."

"ಅಡಿಗಿ ಗ್ಯಾಸ್?"

"ಹೌದ್ರಿ, ಅದರ ದೊಡ್ಡ ಸಿಲಿಂಡರ್."

ಸಾಬರು ತುಂಡನ್ನು ಅವರ ಕೈಗೆ ಕೊಟ್ಟರು. "ಅದಕ್ಕ ಪೈಪು ಬ್ಯಾರೆ ಬರ್ತೈತಿ. ಗ್ಯಾಸು ಬದಲಿ ಮಾಡಿದವರು ಪೈಪು ಯಾಕ ಬದಲಿ ಮಾಡ್ಲಿಲ್ಲ?"

ಆ ಪ್ರಶ್ನೆಗೆ ಉತ್ತರ ಅವರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಕಾರಣ ಗೊತ್ತಾಯಿತು ಎಂಬ ಹಗುರ ಅಲ್ಲಿಗೇ ಮುಗಿಯಿತು. ಮರುದಿನ ಬೆಳಿಗ್ಗೆ ಎಂಟಕ್ಕೇ ಕಾರ್ಖಾನೆಗೆ ಬಂದರು; ನನ್ನ ಪುಸ್ತಕದಲ್ಲಿ ಅದು ಇದೆ. ಕಪಾಟಿನಿಂದ ಹಳೇ ಫೈಲು ತೆಗೆದರು. ಕೊರೊನಾ ಮುಗಿದು ಕಾರ್ಖಾನೆ ಪೂರ್ತಿ ಶುರುವಾದ ವರ್ಷ, ಅಸಿಟಿಲೀನ್ ತುಟ್ಟಿಯಾಯಿತೆಂದು ಎಲ್‌ಪಿಜಿಗೆ ಬದಲಾಯಿಸಿದ್ದರು. ಆಗ ಖರೀದಿ ವಿಭಾಗದಿಂದ ಒಂದು ಚೀಟಿ ಬಂದಿತ್ತು: ಹೊಸ ಗ್ಯಾಸಿಗೆ ಬೇರೆ ಪೈಪು ತರಿಸಬೇಕೆ? ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಉತ್ತರವಿತ್ತು. 'ಮುನ್ನೂರು ಮೀಟರ್ ಕೆಂಪು ಪೈಪು ಹೊಸದೇ ಇದೆ. ಅದೇ ಸಾಕು, ಬೇರೆ ಬೇಡ.' ಕೆಳಗೆ ಅವರದೇ ಸಹಿ, ತಾರೀಖು.

ಸ್ಟೋರಿನಲ್ಲಿ ಉಳಿದಿದ್ದ ಕೆಂಪು ಪೈಪಿನ ಸುರುಳಿಯ ಹತ್ತಿರ ಹೋಗಿ ನೋಡಿದರು. ಮಾರಿಗೊಂದು ಕಡೆ ಉಬ್ಬಿದ ಅಕ್ಷರದಲ್ಲಿ ಅಸಿಟಿಲೀನ್ ಎಂದು ಅಚ್ಚಾಗಿತ್ತು. ಆ ಸುರುಳಿಯನ್ನು ವರ್ಷಕ್ಕೆರಡು ಬಾರಿ ಅಳೆದು ಎಣಿಸಿದವರು ಅವರು. ಆ ಅಕ್ಷರದ ಮೇಲೆ ಎಷ್ಟು ಸಲ ಕೈಯಾಡಿಸಿದ್ದರೋ.

ಆ ಚೀಟಿಗೆ ಬೇರೆ ಪ್ರತಿ ಇರಲಿಲ್ಲ. ಖರೀದಿಯಲ್ಲಿದ್ದವರು ಕೆಲಸ ಬಿಟ್ಟು ಹೋಗಿದ್ದರು. "ಹರದು ಒಲಿಗೆ ಹಾಕಿದ್ರ ಮುಗೀತಿತ್ತು ಹಾಲೇಶಣ್ಣಾರ" ಎಂದು ಅವರು ನನಗೆ ಒಂದು ವರ್ಷದ ಮೇಲೆ ಹೇಳಿದರು. "ಕೈಯಾಗ ಹಿಡಕೊಂಡು ಕುಂತಿದ್ದೆ. ಹೊರಗಿನಿಂದ ಯಾರರೆ ಒಬ್ರು ಕರದಿದ್ರ ಛಲೋ ಇತ್ತು. ಮಾತಾಡಿದ್ರ ಸಾಕಿತ್ತು, ಏನರೆ ಒಂದು." ನಾನಾಗ ಇಪ್ಪತ್ತು ಹೆಜ್ಜೆ ದೂರದಲ್ಲಿ ನನ್ನ ಮೇಜಿನಲ್ಲಿದ್ದೆ.

ಅವರು ಚೀಟಿಯನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಹೋಗಿ ಮ್ಯಾನೇಜರ್ ಸಾಹೇಬರ ಮುಂದೆ ನಿಂತು, ಕೆಂಪು ಪೈಪು ಒಂದೂ ಬಳಸಬಾರದು, ಇವತ್ತೇ ಎತ್ತಿಸಬೇಕು ಎಂದರು. ಮ್ಯಾನೇಜರಿಗೆ ಇನ್ನೊಂದು ಬೆಂಕಿ ಬೇಕಿರಲಿಲ್ಲ. ಎರಡೇ ದಿನದಲ್ಲಿ ಎಲ್‌ಪಿಜಿಗೆಂದೇ ಮಾಡಿದ ಕಿತ್ತಳೆ ಬಣ್ಣದ ಪೈಪು ಬಂತು. ಆದರೆ ಮಲ್ಲೇಶನ ಹಾಳೆಯ ಮಾತು ಬಂದಾಗ ಅವರು ಒಪ್ಪದೆ ತಲೆಯಾಡಿಸಿದರು.

"ಪೈಪು ಬದಲಿ ಮಾಡಿಸಿದ್ದು ಮುಂಜಾಗ್ರತಿ. ಒಬ್ಬ ಟೈರ್ ಸಾಬ ಹೇಳ್ಯಾನಂತ ನಾ ರಿಪೋರ್ಟ್ ತಿದ್ದಾಕ ಆಗೂದಿಲ್ರಿ. ಪುರಾವೆ ಏನೈತಿ?"

ಪುರಾವೆ ಒದಗಿಸಲು ದಾನೇಶ್ವರಿ ತೀರ್ಮಾನಿಸಿದರು. ಉಳಿದ ಹೊಸ ಕೆಂಪು ಪೈಪಿನಿಂದ ಒಂದೊಂದು ಮೀಟರಿನ ನಾಲ್ಕು ತುಂಡು ಕತ್ತರಿಸಿದರು. ತುದಿಗಳಿಗೆ ವಾಲ್ವು ಹಾಕಿ ಬಿಗಿದರು. ಎರಡರಲ್ಲಿ ಎಲ್‌ಪಿಜಿ, ಎರಡರಲ್ಲಿ ಬರೀ ಗಾಳಿ. ಬೆಂಕಿ, ಕಿಡಿ ಸುಳಿಯದ ಹಿಂದಿನ ಕಾಂಪೌಂಡಿನ ನೆರಳಿನಲ್ಲಿ, ಜಾಲರಿ ಪೆಟ್ಟಿಗೆಯೊಳಗೆ ಇಟ್ಟರು. ವಾರಕ್ಕೊಮ್ಮೆ ಗ್ಯಾಸು ಬಿಟ್ಟು ಮತ್ತೆ ತುಂಬಬೇಕು, ನಲವತ್ತೈದು ದಿನ. ಗ್ಯಾಸು ತುಂಬಿಕೊಟ್ಟವನು, ಅಂಗಳದ ಕೆಂಪು ಪೈಪೆಲ್ಲ ಅವರು ಎತ್ತಿಸಿದ್ದನ್ನು ಕಂಡಿದ್ದ ಹೊಳಿಯಪ್ಪ. ಒಂದು ಮಾತೂ ಆಡದೆ ಬಂದು, ತುಂಬಿ ಹೋಗುತ್ತಿದ್ದ.

ಮೊದಲ ದಿನ ಅವರು ನನ್ನ ಹತ್ತಿರ ಬಂದರು. ತುಂಡುಗಳಿಗೆ ಕಟ್ಟುವ ಚೀಟಿಯ ಮೇಲೆ ತಾರೀಖಿನ ಪಕ್ಕ ಇನ್ನೊಬ್ಬರ ಸಹಿ ಬೇಕಿತ್ತು. ನಾಳೆ ತುಂಡು ಬದಲಾಯಿಸಿದ್ದಾರೆ ಎಂದು ಯಾರೂ ಅನ್ನಬಾರದಲ್ಲ.

"ನೀವು ಬರೇ ನೋಡಿದ್ದಕ್ಕ ಸಹಿ ಹಾಲೇಶಣ್ಣಾರ. ಬ್ಯಾರೆ ಏನಿಲ್ಲ."

"ನನ್ನ ಹೆಸರು ಬ್ಯಾಡ್ರಿ ಮೇಡಂ" ಎಂದೆ. "ಮನ್ಯಾಗ ಮಕ್ಕಳು ಅದಾವು."

ಅವರು ಹೂಂ ಎಂದರು, ಚೀಟಿಯನ್ನು ಮಡಿಚಿ ತಗೊಂಡು ಹೋದರು. ಕೊನೆಗೆ ಆ ಸಹಿ ಹಾಕಿದವನೂ ಹೊಳಿಯಪ್ಪನೇ. ಹೆಸರು ಬರೆಯಲಷ್ಟೇ ಬಲ್ಲ ಮನುಷ್ಯ.

ಆ ನಲವತ್ತೈದು ದಿನ ಅವರು ಹೇಗೆ ಕಳೆದರು ಎಂಬುದು ಆಗ ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಂಟೂವರೆಗೆ ಬರುತ್ತಿದ್ದರು, ಐದೂವರೆಗೆ ಹೋಗುತ್ತಿದ್ದರು. ನಡುವೆ ಅವರೊಂದಿಗೆ ಮಾತಾಡಿದವರು ನಟ್ಟು, ಬೋಲ್ಟು, ಗ್ರೀಸು ಕೇಳಲು ಬಂದವರು ಮಾತ್ರ. ಸಂಜೆ ಕೋಣೆಗೆ ಹೋದರೆ ಕೆಲವೊಮ್ಮೆ ಅಡಿಗೆ ಮಾಡಲು ಮನಸ್ಸಾಗದೆ ಮಧ್ಯಾಹ್ನದ್ದೇ ಉಳಿದ ರೊಟ್ಟಿ ತಿಂದು ಮಲಗುತ್ತಿದ್ದರಂತೆ. ಒಂದು ದಿನ ಮಾತಾಡಲು ಬಾಯಿ ತೆರೆದರೆ ದನಿ ಕಟ್ಟಿಕೊಂಡಿತ್ತು. ಕೂತು ಲೆಕ್ಕ ಹಾಕಿದರೆ, ಬುಧವಾರ ಮಧ್ಯಾಹ್ನದಿಂದ ಶುಕ್ರವಾರ ಬೆಳಗಿನವರೆಗೆ ಯಾರೊಂದಿಗೂ ಒಂದು ಶಬ್ದ ಆಡಿರಲಿಲ್ಲ. ಇನ್ನೊಂದು ಮಾತನ್ನೂ ಅವರು ಮುಚ್ಚಿಡದೆ ಹೇಳಿದರು. ತುಂಡುಗಳಿಗೆ ಏನೂ ಆಗದಿರಲಿ ಎಂದು ಒಂದೆರಡು ಸಲ ಮನಸ್ಸಿನಲ್ಲಿ ಬೇಡಿಕೊಂಡಿದ್ದರು. ಆಗ ಕಾರಣ ಬೇರೆ ಏನೋ ಆಗುತ್ತಿತ್ತು, ಚೀಟಿ ಖಾನೆಯಲ್ಲೇ ಉಳಿಯುತ್ತಿತ್ತು.

ನಲವತ್ತಾರನೇ ದಿನ ಗ್ಯಾಸು ಬಿಟ್ಟು ತುಂಡುಗಳನ್ನು ಮೂರು ದಿನ ಗಾಳಿಗೆ ಇಟ್ಟು, ಆಮೇಲೆ ಅಳೆದರು. ಗಾಳಿ ತುಂಬಿದ್ದವು ಮೀಟರಿಗೆ ಮೀಟರ್ ಇದ್ದವು. ಗ್ಯಾಸು ತುಂಬಿದ್ದವು ಎರಡು ಬೆರಳು ಮೋಟಾಗಿದ್ದವು. ಬಿಳಿ ಹಾಳೆಯ ಮೇಲೆ ಬಗ್ಗಿಸಿ ಹಿಡಿದಾಗ ನಾಲ್ಕೈದು ಹನಿ ಹಳದಿ ಎಣ್ಣೆ ಬಿತ್ತು. ಸೀಳಿದರೆ ಒಳಮೈ ಗಟ್ಟಿ. ಬಾಗಿಸಿದರೆ ಅದೇ ಅಡ್ಡ ಬಿರುಕು, ಇನ್ನೂ ಕೂದಲಿನಷ್ಟು ತೆಳು. ಹೊಳಿಯಪ್ಪ ಪಕ್ಕದಲ್ಲಿ ನಿಂತು ನೋಡಿದ. ಆ ಹನಿಗಳ ಮೇಲೆ ಬೆರಳಿಟ್ಟು ಉಜ್ಜಿದ. "ಇದ ಎಣ್ಣಿ" ಎಂದ. ಎರಡು ತಿಂಗಳಲ್ಲಿ ಅವನು ಅವರೆದುರು ಆಡಿದ ಮೊದಲ ಮಾತು ಅದು.

ದಾನೇಶ್ವರಿ ಎರಡು ಪುಟದ ವರದಿ ಬರೆದರು. ಪೈಪು ಒಳಗಿನಿಂದ ಹಾಳಾಗಿದೆ, ಎಲ್‌ಪಿಜಿಗೆ ಈ ಪೈಪು ಅಲ್ಲ, ಕಾರ್ಮಿಕನ ತಪ್ಪಿಲ್ಲ ಎಂದು ಒಂದೊಂದಾಗಿ ಬರೆದು ಕೊನೆಗೆ ಒಂದು ಸಾಲು ಸೇರಿಸಿದರು: 'ಗ್ಯಾಸು ಬದಲಾದಾಗ ಹಳೆಯ ಪೈಪೇ ಸಾಕೆಂದು ಬರೆದುಕೊಟ್ಟವಳು ನಾನು, ಆ ಚೀಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ.'

ವಿರುಪಣ್ಣ ಅದನ್ನು ಓದಿ ಸ್ಟೋರಿನ ಬಾಗಿಲು ಅರ್ಧ ಮುಚ್ಚಿಕೊಂಡು ಒಳಗೆ ಹೋದರು. ಅವರೇ ಆಮೇಲೆ ನನಗೆ ಹೇಳಿದ ಮಾತಿದು.

"ಈ ಕೊನೀ ಸಾಲು ಯಾಕ್ರಿ ಮೇಡಂ? ತಗದು ಬಿಡ್ರಿ. ಪೈಪಿನ ತಪ್ಪು ಅಂತ ಬರದೀರಿ, ಸಾಕಲ್ಲ. ಈ ಚೀಟಿ ಯಾರೂ ಕೇಳಿಲ್ಲ."

"ತಗದ್ರ ನಾಳೆ ಮತ್ತ ಯಾರ ತಪ್ಪು ಅಂತ ಹುಡುಕ್ತೀರಿ ಸರ್. ಹುಡುಕ್ಕೊಂತ ಮತ್ತ ಮಲ್ಲೇಶನ ಕಡೆನ ಹೋಗ್ತೀರಿ."

ವಿರುಪಣ್ಣ ಹಾಳೆಗಳನ್ನು ಮಡಿಚಿ ತಗೊಂಡು ಹೊರಟರು. ವರದಿಯನ್ನು ಹಾಗೆಯೇ ಮೇಲಕ್ಕೆ ಕಳಿಸಿದರು. ಅದು ಅವರ ದೊಡ್ಡತನ ಎಂದೇ ಹೇಳಬೇಕು.

ಮಲ್ಲೇಶನ ಹಾಳೆಯಿಂದ ಅಜಾಗರೂಕತೆ ಎಂಬ ಪದ ಹೋಯಿತು. ಅವನಿಗೆ ಬರಬೇಕಾದ ಪರಿಹಾರ ಬಂತು. ಎಡಗೈಯ ಎರಡು ಬೆರಳು ಮಡಿಚುವುದಿಲ್ಲವಾದ್ದರಿಂದ ಕಟರು ಹಿಡಿಯಲಾರ; ಮರಳು ಜರಡಿ ಹಿಡಿಯುವ ಯಂತ್ರದ ಹತ್ತಿರ ಕೆಲಸ ಕೊಟ್ಟರು. ದಾನೇಶ್ವರಿಯವರಿಗೆ ಒಂದು ನೋಟಿಸು, ಸ್ಟೋರಿನಿಂದ ಗೇಟಿನ ತೂಕದ ಕಟ್ಟೆಗೆ ವರ್ಗ. ಲಾರಿ ಬಂದಾಗ ತೂಕ ನೋಡಿ ಚೀಟಿ ಕೊಡುವ ಕೆಲಸ. ಒಬ್ಬರೇ ಕೂರುವಷ್ಟು ಗಾಜಿನ ಗೂಡು.

ಅವರಿಗೊಂದು ಚೂರು ಮರ್ಯಾದೆ ಸಿಕ್ಕೀತು ಎಂದು ನಾನು ಅಂದುಕೊಂಡಿದ್ದೆ. ಸಿಗಲಿಲ್ಲ. ವರದಿಯ ಕೊನೆಯ ಸಾಲು ಮೊದಲು ಅಂಗಳಕ್ಕೆ ತಲುಪಿತ್ತು. ಮಲ್ಲೇಶನ ಮೈ ಸುಟ್ಟದ್ದು ಈ ಮೇಡಮ್ಮನ ಒಂದು ಚೀಟಿಯಿಂದ ಎಂದು ಜನ ಆಡಿಕೊಂಡರು. ಅದು ಸುಳ್ಳೂ ಆಗಿರಲಿಲ್ಲವಲ್ಲ.

ಅದಕ್ಕೂ ಮೊದಲೇ ಅವರು ಕಿನ್ನಾಳಕ್ಕೆ ಹೋಗಿ ಬಂದಿದ್ದರು. ಬೇರೆಯವರ ಬಾಯಿಂದ ಗೊತ್ತಾಗಬಾರದು ಎಂದು, ಮಲ್ಲೇಶನ ಎದುರು ಚೀಟಿಯ ವಿಷಯ ತಾವೇ ಹೇಳಿದರು. ಕನಕಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳಿಸಿಕೊಂಡಳು.

"ಓದಿದಾಕಿ ಅಲ್ಲೇನ್ರಿ ನೀವು? ಪೈಪಿನ ಮ್ಯಾಲ ಬರದಿತ್ತಂತಲ್ಲ. ಓದಾಕ ಬರಲಿಲ್ಲೇನು?"

"ಬರ್ತಿತ್ತವ್ವಾ. ನೋಡಲಿಲ್ಲ."

"ಇನ್ನ ಈ ಮನಿಗೆ ಬರಬ್ಯಾಡ್ರಿ."

ಮಲ್ಲೇಶ ಹೆಂಡತಿಯನ್ನು ಗದರಲಿಲ್ಲ. ಬಾಗಿಲವರೆಗೆ ಎದ್ದು ಬಂದ. "ಆಕಿಗೆ ಸಿಟ್ಟು ಐತ್ರಿ ಅಕ್ಕಾರ" ಎಂದ. "ನನಗ ಏನು ಅನ್ನಬೇಕು ಗೊತ್ತಾಗವಲ್ದು. ನೀವು ಹೇಳಿರದಿದ್ರ ನಾ ಕಳ್ಳ ಆಗಿ ಕುಂದ್ರತಿದ್ದೆ. ಹೇಳಿದ್ದಕ್ಕ ಈಗ ನಿಮ್ಮ ಮ್ಯಾಲ ಸಿಟ್ಟು ಬರ್ತೈತಿ." ಈ ಮಾತನ್ನು ಅವನೇ ನನಗೆ ಹೇಳಿದ್ದು. ಹೇಳುವಾಗಲೂ ಅವನಿಗೆ ಅದು ಬಗೆಹರಿದಂತಿರಲಿಲ್ಲ.

ವರ್ಷ ಕಳೆದ ಮೇಲೆ ಒಂದು ದಿನ ಲಾರಿಗಳ ಮುಷ್ಕರವಿತ್ತು. ತೂಕದ ಕಟ್ಟೆ ಖಾಲಿ. ನಾನು ಹೋಗಿ ಗೂಡಿನ ಬಾಗಿಲಲ್ಲಿ ನಿಂತು, ಅವತ್ತು ಸಹಿ ಹಾಕದೇ ಹೋದೆ, ತಪ್ಪಾಯಿತು ಎಂದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು, ಏನು ಮಾಡಬೇಕೋ ತಿಳಿಯದವರ ಹಾಗೆ. "ಇರಲಿ ಬಿಡ್ರಿ, ಹೊಳಿಯಪ್ಪ ಹಾಕಿದ" ಎಂದರು. ಆಮೇಲೆ ಮೆಲ್ಲಗೆ ಮಾತಿಗೆ ಶುರು ಮಾಡಿದರು. ಮೇಲೆ ನಾನು ಬರೆದದ್ದರಲ್ಲಿ ಬಹುಪಾಲು ಅವತ್ತು ಕೇಳಿದ್ದು. ಎರಡು ತಾಸು ಅವರು ಮಾತಾಡಿದರು. ನಡುನಡುವೆ ನಿಲ್ಲಿಸಿ, ನಿಮಗೆ ಕೆಲಸ ಇರಬೇಕು ಎನ್ನುತ್ತಿದ್ದರು.

ಒಂದು ವಿಷಯವನ್ನು ಮಾತ್ರ ಅವರು ಹೇಳಿರಲಿಲ್ಲ. ಅದು ನನಗೆ ಈಚೆಗೆ, ಯಲಬುರ್ಗಾದಲ್ಲಿ ಗೊತ್ತಾಯಿತು. ಅಲ್ಲಿ ನನ್ನ ಅಕ್ಕನ ಮಗ ವೆಂಕೋಬ, ಟ್ರ್ಯಾಕ್ಟರ್ ಟ್ರೇಲರು ಮಾಡುವ ಸಣ್ಣ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಒಂದು ಕಾರ್ಯಕ್ಕೆಂದು ಹೋದವನು ಅವನ ಅಂಗಡಿಯಲ್ಲಿ ಕೂತಿದ್ದೆ.

"ಮಾವಾ, ನಿಮ್ಮ ಕೊಪ್ಪಳದ ಕಡೆಯಾಕಿ ಒಬ್ಬಾಕಿ ಹೆಣ್ಮಗಳು ಬಂದಿದ್ದಳು ಹೋದ ತಿಂಗಳ. ಗ್ಯಾಸ್ ಕಟರ್ ನೋಡಿ, ಯಾವ ಗ್ಯಾಸ್ ಬಿಡ್ತೀರಿ, ಪೈಪು ಯಾವಾಗ ತಂದೀರಿ ಅಂತ ಕೇಳಾಕ ಹತ್ತಿದಳು. ಪೈಪು ಮಾರಾಕ ಬಂದಾಳ ಅಂತ ತಿಳಕೊಂಡು, ಬ್ಯಾಡ ಹೋಗ್ರಿ ಅಂದೆ. ಹೋಗಲಿಲ್ಲ."

"ಹೆಂಗ ಇದ್ದಳು?"

"ನಿಮ್ಮ ವಯಸ್ಸಿನಾಕಿ. ಕೈಯಾಗ ಒಂದು ಚೀಲ. ಅದರಾಗ ಸೀಳಿದ ಕೆಂಪು ಪೈಪಿನ ತುಂಡು. ಬಾಗಿಸಿ ತೋರಿಸಿದಳು. ಕುಷ್ಟಗಿಯಾಗೂ ಎಲ್ಲಾ ವೆಲ್ಡಿಂಗ್ ಅಂಗಡಿಗೆ ಹೋಗಿದ್ದಳಂತ. ಅಲ್ಲಿ ಒಬ್ಬಾಂವ, ಈಕಿಗೆ ತಲಿ ಕೆಟ್ಟೈತಿ ಅಂದ ಅಂತ ಪಕ್ಕದ ಅಂಗಡಿಯಾಂವ ಹೇಳಿದ."

ಗುರುವಾರವಾಗಿತ್ತೇ ಎಂದು ಕೇಳಿದೆ. ಹೌದು, ಗುರುವಾರವೇ, ಎಂದ.

ನಾನು ಎದ್ದು ಅವನ ಕಟರಿನ ಹತ್ತಿರ ಹೋದೆ. ಒಂದಕ್ಕೆ ಹೊಸ ಕಿತ್ತಳೆ ಪೈಪು ಇತ್ತು. ಇನ್ನೊಂದಕ್ಕೆ ಹಳೆಯ ಕೆಂಪು ಪೈಪೇ ಇತ್ತು.

"ಒಂದು ಬದಲಿ ಮಾಡೀನಿ" ಎಂದ ವೆಂಕೋಬ, ಸ್ವಲ್ಪ ನಾಚಿ. "ಇನ್ನೊಂದು ಮುಂದಿನ ತಿಂಗಳ ಅಂತ ಬಿಟ್ಟೀನಿ."

"ಇವತ್ತ ಬಿಚ್ಚು" ಎಂದೆ. ನನ್ನ ದನಿ ಕೇಳಿ ಅವನು ನಟ್ಟು ಬಿಚ್ಚುವ ಪಾನಾ ತಗೊಂಡು ಕೂತ.

ಬಿಚ್ಚುತ್ತ ಅವನು ಹೇಳಿದ: "ಹೋಗುವಾಗ, ಚಾ ಕುಡದು ಹೋಗ್ರಿ ಅಂದೆ ಮಾವಾ. ನಿಂತು ನನ್ನ ಮುಖ ನೋಡಿದಳು. ಕುಡೀತಾಳ ಅಂತ ತಿಳದು ಚಾ ಹೇಳಿಯೂ ಬಿಟ್ಟಿದ್ದೆ. ಅಷ್ಟೊತ್ತಿಗೆ ಕೊಪ್ಪಳದ ಬಸ್ಸು ಬಂತು. ಓಡಿಹೋಗಿ ಹತ್ತಿಬಿಟ್ಟಳು."